ಬಾಲ್ ಪೈಥಾನ್‌ಗೆ ಊಟದ ಲೆಕ್ಕ: ದಪ್ಪ ನೋಡುವುದೋ, ತೂಕ ಹಾಕುವುದೋ, ಮೈ ಮುಟ್ಟಿ ತಿಳಿಯುವುದೋ?

ಸಾಕಿದ ಹೆಬ್ಬಾವಿಗೆ ಎಷ್ಟು ತಿನ್ನಿಸಬೇಕು ಎಂದು ಕೇಳಿದರೆ ಮೂರು ಬಗೆಯ ಉತ್ತರ ಸಿಗುತ್ತದೆ. ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅಷ್ಟು ದಪ್ಪದ ಇಲಿ ಕೊಡಿ ಎನ್ನುವವರು ಕೆಲವರು. ಹಾವಿನ ತೂಕಕ್ಕೆ ಶೇಕಡಾ ಇಂತಿಷ್ಟು ಎಂದು ಲೆಕ್ಕ ಹಾಕುವವರು ಕೆಲವರು. ಮೈಕಟ್ಟು ನೋಡಿ ಕೊಟ್ಟರೆ ಸಾಕು ಎನ್ನುವವರೂ ಇದ್ದಾರೆ. ಮೂರನ್ನೂ ಬಾಲ್ ಪೈಥಾನ್ ಎಂಬ ಆಫ್ರಿಕಾದ ಪುಟ್ಟ ಜಾತಿಯ ಹೆಬ್ಬಾವುಗಳ ಮೇಲೆ, ಮರಿ ಹಂತದಿಂದ ಬೆಳೆದ ಹಾವಿನ ತನಕ ನಡೆಸಿ ನೋಡಿ ಬರೆದ ಹೋಲಿಕೆ ಇದು. ಹೋಲಿಸುವ ಮೊದಲು ಪ್ರತಿಯೊಂದನ್ನೂ ‘ವಾರಕ್ಕೆ ಎಷ್ಟು ಗ್ರಾಂ’ ಎಂದು ಇಳಿಸಿಕೊಳ್ಳಬೇಕು. ಇಲಿಯ ಗಾತ್ರವನ್ನು ಒಬ್ಬರಿಂದ, ದಿನದ ಅಂತರವನ್ನು ಇನ್ನೊಬ್ಬರಿಂದ ಕೇಳಿ ಜೋಡಿಸಿಕೊಂಡಲ್ಲೇ ಹೆಚ್ಚಿನ ಹಾವುಗಳು ಬೊಜ್ಜು ಬೆಳೆಸುವುದು.

ದಪ್ಪದ ಲೆಕ್ಕ

ತಕ್ಕಡಿ ಬೇಡ, ಕಣ್ಣಳತೆ ಸಾಕು. 70 ಗ್ರಾಂ ಆಸುಪಾಸಿನ ಮರಿಗೆ ಇದು ಚೆನ್ನಾಗಿಯೇ ನಡೆಯುತ್ತದೆ: ಮೈಯಷ್ಟೇ ದಪ್ಪದ, ಕೂದಲು ಬಂದ ಸುಂಡಿಲಿ ಮರಿ ಸುಮಾರು 8ರಿಂದ 10 ಗ್ರಾಂ ತೂಗುತ್ತದೆ, ಮರಿಗೆ ಬೇಕಾದದ್ದೂ ಅಷ್ಟೇ. ಕೆಡುವುದು ಹಾವು ಬೆಳೆದ ಮೇಲೆ. 1,600 ಗ್ರಾಂ ತೂಗುವ ಹೆಣ್ಣಿನ ನಡುಮೈಗೆ ಹೊಂದುವ ಇಲಿ ಹುಡುಕಿದರೆ ಕೈಗೆ ಬರುವುದು 200 ಗ್ರಾಂ ಮೇಲಿನದು. ಅದನ್ನು ಮರಿಯ ರೂಢಿಯಂತೆ ವಾರಕ್ಕೊಮ್ಮೆ ಕೊಟ್ಟರೆ ಮುಂದಿನ ಕಥೆ ಹೇಳಬೇಕಿಲ್ಲ. ಇನ್ನೂ ಒಂದು ತೊಡಕು ಇದರಲ್ಲೇ ಅಡಗಿದೆ. ತಿಂದ ಹಾವು ದಪ್ಪವಾಗುತ್ತದೆ, ದಪ್ಪವಾದಷ್ಟೂ ಲೆಕ್ಕ ಇನ್ನೂ ದೊಡ್ಡ ಇಲಿ ಕೇಳುತ್ತದೆ. ಒಣಗಿದ ಹಾವಿಗೆ ಇದೇ ಲೆಕ್ಕ ತಿರುಗುಮುರುಗು.

ತೂಕದ ಲೆಕ್ಕ

ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮುಚ್ಚಳವಿರುವ ಡಬ್ಬಿ, ಒಂದು ಪುಸ್ತಕ. ಡಬ್ಬಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಊಟಕ್ಕೆ ಮುಂಚೆ, ಸಾಧ್ಯವಾದರೆ ಮಲ ಹಾಕಿದ ಮೇಲೆ ತೂಗಬೇಕು. ಊಟದ ಮರುದಿನ ಏರಿದ 80 ಗ್ರಾಂ ಹಾವಿನದಲ್ಲ, ಇಲಿಯದು.

ನಮ್ಮಲ್ಲಿ ನಿಂತ ಅಂಕಿಗಳು ಹೀಗಿವೆ:

500 ಗ್ರಾಂ ತನಕ: ತೂಕದ ಶೇ. 10ರಿಂದ 15, ಏಳು ದಿನಕ್ಕೊಮ್ಮೆ. ಶೇ. 15 ಪುಟ್ಟ ಮರಿಗೆ ಮಾತ್ರ.
500ರಿಂದ 1,000 ಗ್ರಾಂ: ಶೇ. 7ರ ಸುತ್ತ, ಹದಿನಾಲ್ಕು ದಿನಕ್ಕೊಮ್ಮೆ.
ಅದರ ಮೇಲೆ: ಶೇ. 5, ಮೂರರಿಂದ ನಾಲ್ಕು ವಾರಕ್ಕೊಮ್ಮೆ.

ಈಗ ವಾರದ ಗ್ರಾಂಗೆ ಇಳಿಸಿ ನೋಡಿ. 400 ಗ್ರಾಂ ಹಾವಿಗೆ ಏಳು ದಿನಕ್ಕೆ 40 ಗ್ರಾಂ, ಅಂದರೆ ವಾರಕ್ಕೆ 40. 800 ಗ್ರಾಂ ಹಾವಿಗೆ ಎರಡು ವಾರಕ್ಕೆ 56, ಅಂದರೆ ವಾರಕ್ಕೆ 28. 1,600 ಗ್ರಾಂ ಹಾವಿಗೆ ಮೂರು ವಾರಕ್ಕೆ 80, ಅಂದರೆ ವಾರಕ್ಕೆ 27ರಷ್ಟು. ನಾಲ್ಕು ಪಟ್ಟು ತೂಕದ ಹಾವು ಎಳೆಯದಕ್ಕಿಂತ ಕಡಿಮೆ ತಿನ್ನುತ್ತದೆ! ಮೊದಲ ಸಲ ನೋಡಿದವರಿಗೆ ಇದು ಲೆಕ್ಕದ ತಪ್ಪಿನಂತೆ ಕಾಣುತ್ತದೆ. ತಪ್ಪಲ್ಲ. ಎಳೆಯದು ತಿಂದದ್ದರಲ್ಲಿ ದೊಡ್ಡ ಪಾಲು ಬೆಳೆಯಲು ಹೋಗುತ್ತದೆ. ಬೆಳೆದು ನಿಂತ ಹಾವು ದಿನದ ಬಹುಪಾಲು ಮರೆಯಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ, ಅದಕ್ಕೆ ಖರ್ಚೇ ಇಲ್ಲ.

ಈ ಲೆಕ್ಕಕ್ಕೂ ಒಂದು ಕುರುಡು ಇದೆ. ಬೊಜ್ಜು ಬಂದ 2,200 ಗ್ರಾಂ ಹಾವಿಗೆ ಶೇ. 5 ಎಂದರೆ 110 ಗ್ರಾಂ. ಬೊಜ್ಜಿಗೂ ಊಟ ಹಾಕಿದಂತಾಯಿತು. ಅಂಥ ಹಾವಿಗೆ ಇರಬೇಕಾದ ತೂಕ ಹಿಡಿದು ಲೆಕ್ಕ ಹಾಕಬೇಕು, ಇರುವ ತೂಕವನ್ನಲ್ಲ. ಇಲಿಯನ್ನೂ ತೂಗಿ. ‘ಸಣ್ಣದು’, ‘ಮಧ್ಯಮ’ ಎಂಬ ಹೆಸರು ಒಬ್ಬೊಬ್ಬ ಮಾರಾಟಗಾರನಲ್ಲಿ ಒಂದೊಂದು ತೂಕ.

ಮೈಕಟ್ಟಿನ ಲೆಕ್ಕ

ಹಾವನ್ನು ಎರಡು ಕೈಯಲ್ಲಿ ಹಿಡಿದು, ನಡುಮೈಯ ಅಡ್ಡ ಆಕಾರ ನೋಡಿ. ಮೂಲೆ ಸವೆದ ತ್ರಿಕೋನದಂತಿದ್ದು, ಒತ್ತಿದರೆ ಬೆನ್ನುಮೂಳೆ ಬೆರಳಿಗೆ ಸಿಕ್ಕರೆ ಸರಿಯಾಗಿದೆ. ಬೆನ್ನು ಏಣಿನಂತೆ ಎದ್ದು ಪಕ್ಕಗಳು ಒಳಕ್ಕೆ ಕುಸಿದಿದ್ದರೆ ಸೊರಗಿದೆ. ಸಿಲಿಂಡರ್‌ನಂತೆ ಪೂರ್ತಿ ಗುಂಡಾಗಿದ್ದು, ಬಳುಕಿದಾಗ ಮಡಿಕೆ ಬಿದ್ದು, ಸುಮ್ಮನಿದ್ದಾಗಲೂ ಹುರುಪೆಗಳ ನಡುವೆ ಚರ್ಮ ಕಂಡರೆ ಬೊಜ್ಜು.

ಇದು ನಂಬಬಹುದಾದ ಅಳತೆ, ಆದರೆ ನಿಧಾನದ ಅಳತೆ. ಕೊಬ್ಬು ಮೊದಲು ಒಳಗೆ ಸೇರುತ್ತದೆ. ಹೊರಗೆ ಮಡಿಕೆ ಕಾಣುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ದಿನವೂ ನೋಡುವ ಕಣ್ಣಿಗಂತೂ ಬದಲಾವಣೆ ಕಾಣುವುದೇ ಇಲ್ಲ. ಆದ್ದರಿಂದ ನಮ್ಮ ಆಯ್ಕೆ ತೂಕದ ಲೆಕ್ಕ. ಅದನ್ನು ತಿದ್ದಲು ಮೈಕಟ್ಟು. ದಪ್ಪದ ಲೆಕ್ಕಕ್ಕೆ ಉಳಿದ ಕೆಲಸ ಒಂದೇ, ಗಂಟಲಲ್ಲಿ ಹಿಡಿಸದಷ್ಟು ದೊಡ್ಡದನ್ನು ಕೊಡದಂತೆ ತಡೆಯುವುದು.

ದೊಡ್ಡದು ಅಪರೂಪಕ್ಕೋ, ಚಿಕ್ಕದು ಮತ್ತೆ ಮತ್ತೆಯೋ

1,600 ಗ್ರಾಂ ಹಾವಿನ ವಾರಕ್ಕೆ 27 ಗ್ರಾಂ ಎಂಬುದನ್ನು ವಾರಕ್ಕೊಂದು ಸುಂಡಿಲಿಯಾಗಿಯೂ ಕೊಡಬಹುದು, ಆರು ವಾರಕ್ಕೆ 160 ಗ್ರಾಂ ಇಲಿಯಾಗಿಯೂ ಕೊಡಬಹುದು. ಹೆಬ್ಬಾವಿನ ಒಡಲು ಅಂತರಕ್ಕೇ ಒಗ್ಗಿದ್ದು: ಎರಡು ಊಟಗಳ ನಡುವೆ ಕರುಳು ಕುಗ್ಗುತ್ತದೆ, ಬೇಟೆ ಒಳಗಿಳಿದ ಒಂದೆರಡು ದಿನಕ್ಕೆ ಮತ್ತೆ ದಪ್ಪವಾಗುತ್ತದೆ. ಬರ್ಮೀಸ್ ಪೈಥಾನ್ ದೊಡ್ಡ ಊಟ ಮಾಡಿದಾಗ 48 ಗಂಟೆಯಲ್ಲಿ ಹೃದಯದ ತೂಕವೇ ಶೇ. 40ರಷ್ಟು ಏರುವುದು ಅಳೆದು ಗೊತ್ತಾಗಿರುವ ಸಂಗತಿ. ವಾರವಾರ ಚಿಕ್ಕದು ಕೊಟ್ಟರೆ ಈ ಯಂತ್ರಕ್ಕೆ ಬಿಡುವೇ ಸಿಗದು. ಜೊತೆಗೆ ಬಾಗಿಲು ತೆಗೆದರೆ ಊಟವೇ ಬಂತು ಎಂದು ಹಾವು ಕೈಗೆ ಎರಗುವುದನ್ನು ಕಲಿಯುತ್ತದೆ. ಶೇ. 10ರ, ಅಂದರೆ 160 ಗ್ರಾಂನ ಊಟ ಬೆಳೆದ ಹಾವಿಗೆ ಇಳಿಯುತ್ತದೆ, ಆದರೆ ಬಿಸಿ ಸ್ವಲ್ಪ ಕಡಿಮೆಯಾದರೂ ಕಕ್ಕುವ ಅಪಾಯ ಹೆಚ್ಚು. ಮೂರು ವಾರಕ್ಕೆ 80 ಗ್ರಾಂ ಎಂಬ ನಡುದಾರಿಯಲ್ಲಿ ಎರಡೂ ಕಾಟ ಕಡಿಮೆ.

ಕಕ್ಕಿದರೆ ಮೂರು ಕಾರಣ ಹುಡುಕಿ: ಗೂಡಿನ ಬೆಚ್ಚಗಿನ ಬದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇತ್ತೇ, ತಿಂದ 48 ಗಂಟೆಯೊಳಗೆ ಎತ್ತಿಕೊಂಡಿರಾ, ಇಲಿಯ ಒಳಗೆ ಇನ್ನೂ ಮಂಜುಗಟ್ಟಿತ್ತೇ. ಫ್ರೀಜರ್‌ನ ಇಲಿಯನ್ನು ರಾತ್ರಿಯಿಡೀ ಫ್ರಿಜ್‌ನ ಕೆಳತಟ್ಟೆಯಲ್ಲಿ ಕರಗಿಸಿ, ಆಮೇಲೆ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಮುಳುಗಿಸಿ ಮೈ 38 ಡಿಗ್ರಿಗೆ ತಂದು ಇಕ್ಕಳದಿಂದ ಕೊಡಬೇಕು. ಮೈಕ್ರೋವೇವ್ ಬೇಡ, ಇಲಿಯ ಹೊಟ್ಟೆ ಬೆಂದು ಒಡೆಯುತ್ತದೆ. ಕಕ್ಕಿದ ಮೇಲೆ ಎರಡು ವಾರ ನೀರು ಮಾತ್ರ, ಆನಂತರ ಮಾಮೂಲಿನ ಅರ್ಧ ತೂಕದ ಊಟ. ಎರಡನೇ ಸಲವೂ ಕಕ್ಕಿದರೆ ಪಶುವೈದ್ಯರೇ ನೋಡಬೇಕು.

ಬಾಲ್ ಪೈಥಾನ್ ಊಟ ಬಿಡುವುದರಲ್ಲಿ ಹೆಸರುವಾಸಿ. ಕಣ್ಣು ಮಸುಕಾಗಿ ಪೊರೆ ಬಿಡುವ ಹೊತ್ತಿನಲ್ಲಿ ಕೊಡಲೇಬೇಡಿ. ಬೆಳೆದ ಗಂಡು ಬೆದೆಯ ಕಾಲದಲ್ಲಿ ತಿಂಗಳುಗಟ್ಟಲೆ ಮುಟ್ಟದಿರಬಹುದು. ಮೂರು ದಿನಕ್ಕೊಮ್ಮೆ ಮೂತಿಗೆ ಹಿಡಿದರೆ ಹಠ ಇನ್ನೂ ಬಲಿಯುತ್ತದೆ. ಎರಡು ವಾರಕ್ಕೊಮ್ಮೆ ಕೊಟ್ಟು ನೋಡಿ, ತೂಕ ಬರೆದಿಡಿ. ಶೇ. 10ರಷ್ಟು ಇಳಿದರೆ ಮಾತ್ರ ಚಿಂತೆ.

ಬೊಜ್ಜು ಇಳಿಸುವಾಗ ಒಮ್ಮೆಗೇ ಉಪವಾಸ ಕೆಡವಬೇಡಿ, ಯಕೃತ್ತಿನಲ್ಲಿ ತುಂಬಿದ ಕೊಬ್ಬು ಆಗಲೇ ಕಾಡುವುದು. ಮೊದಲು ಇಲಿಯ ತೂಕ ಇಳಿಸಿ, ಒಂದೆರಡು ತಿಂಗಳ ತೂಕ ನೋಡಿಕೊಂಡು, ಆಮೇಲೆ ಅಂತರವನ್ನು ನಾಲ್ಕರಿಂದ ಐದು ವಾರಕ್ಕೆ ಹಿಗ್ಗಿಸಿ.