ಕಶಾಸ: ಹಾಗೆಯೇ ಕುಡಿದಾಗ, ನಿಂಬೆ ಬೆರೆಸಿದಾಗ

ಬ್ರೆಜಿಲ್‌ನ ಪರಾಚಿ ಊರಿನ ಅಂಗಡಿಯೊಂದರಲ್ಲಿ ಎರಡು ಬಗೆಯ ಕಶಾಸ ಸವಿದೆ. ಕಶಾಸ ಅಂದರೆ ಅಲ್ಲಿನ ಕಬ್ಬಿನ ಮದ್ಯ. ರಮ್ ಬಹುಪಾಲು ಕಾಕಂಬಿಯಿಂದ ತಯಾರಾಗುತ್ತದೆ. ಇದು ತಾಜಾ ಕಬ್ಬಿನ ಹಾಲಿನಿಂದ. ಬಿಳಿಯದನ್ನು ಏನೂ ಬೆರೆಸದೆ ಮೂಗಿನ ಬಳಿ ಹಿಡಿದರೆ ಆಲೆಮನೆಯ ಗಾಣದ ಪಕ್ಕ ನಿಂತಂತೆ ಹಸಿ ವಾಸನೆ. ಗುಟುಕು ಮಾತ್ರ ಒರಟು. ಅಂಬುರಾನ ಮರದ ಪೀಪಾಯಿಯಲ್ಲಿ ಮಾಗಿದ್ದು ಬೇರೆಯೇ ಜಾತಿ: ದಾಲ್ಚಿನ್ನಿ, ವೆನಿಲಾ, ಕೊನೆಗೆ ತುಸು ಒಗರು. ಅದಕ್ಕೆ ಐಸು ಕೂಡ ಹಾಕಬೇಡಿ.

ಕಶಾಸಕ್ಕೆ ನಿಂಬೆ, ಸಕ್ಕರೆ ಬೆರೆಸಿದ ಕಾಕ್‌ಟೇಲ್ ಕೈಪಿರಿನ್ಯಾಗೆ ಬಿಳಿಯದೇ ಸರಿ. ನಿಂಬೆ ಹೋಳುಗಳನ್ನು ಸಕ್ಕರೆಯೊಂದಿಗೆ ಮೆಲ್ಲಗೆ ಅದುಮಬೇಕು. ಜಜ್ಜಿದರೆ ಸಿಪ್ಪೆಯ ಕಹಿ ಇಳಿಯುತ್ತದೆ. ಪ್ಯಾಶನ್ ಹಣ್ಣಿನದನ್ನೂ ಕೊಟ್ಟರು. ಅದರಲ್ಲಿ ಕಬ್ಬನ್ನು ಹುಡುಕಬೇಕು! ಕಶಾಸದಲ್ಲಿ ಆಲ್ಕೋಹಾಲ್ ಶೇ 38ರಿಂದ 48ರಷ್ಟಿದ್ದರೂ ಸಕ್ಕರೆಯ ಸಿಹಿಯಲ್ಲಿ ಗೊತ್ತಾಗುವುದಿಲ್ಲ. ಎರಡನೆಯ ಲೋಟಕ್ಕೆ ಮೊದಲು ಊಟ ಮುಗಿಸಿರಿ.