ಜೆಫರ್ಸನ್ ಲ್ಯಾಬಿನ ಧಾತುಗಳ ಕ್ವಿಜ್: ಲೆಕ್ಕದ ಆಟಕ್ಕಾಗಿ ಬಳಸಿ

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಶುರು ಮಾಡಿದ್ದು. ಈಗ ಹತ್ತನೇ ಕ್ಲಾಸು, ಇನ್ನೂ ಆಡುತ್ತಾಳೆ. ಮಕ್ಕಳ ಕ್ವಿಜ್‌ಗಳು ಸಾಮಾನ್ಯವಾಗಿ ಇಷ್ಟು ದಿನ ಬಾಳುವುದಿಲ್ಲ, ಅಲ್ವಾ?

ಅಮೆರಿಕದ ವರ್ಜೀನಿಯಾದಲ್ಲಿರುವ ಜೆಫರ್ಸನ್ ಲ್ಯಾಬ್ ಪರಮಾಣುವಿನ ನ್ಯೂಕ್ಲಿಯಸ್ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ. ಮಕ್ಕಳಿಗೆ ಅಂತಲೇ ಅವರು ಮಾಡಿರುವ ಜಾಲತಾಣದಲ್ಲಿ ಈ ಆಟಗಳಿವೆ. ಬ್ರೌಸರ್‌ನಲ್ಲೇ ತೆರೆಯುತ್ತವೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ.

ಇದಕ್ಕೆ ಮೊದಲು ಬೇರೊಂದು ಆ್ಯಪ್ ಹಾಕಿಕೊಂಡಿದ್ದೆವು. ಮಾತೆತ್ತಿದರೆ ಜಾಹೀರಾತು. ಅದನ್ನಾದರೂ ಸಹಿಸಬಹುದಿತ್ತು, ಆದರೆ ಅದರಲ್ಲಿ 113ನೇ ಧಾತುವಿನ ಹೆಸರು ಇನ್ನೂ ಉನ್‌ಉನ್‌ಟ್ರಿಯಂ ಎಂದೇ ಇತ್ತು. ನಿಹೋನಿಯಂ ಎಂಬ ಹೆಸರು 2016ರಲ್ಲೇ ಬಂದಿದೆ. ಮಕ್ಕಳಿಗೆ ಯಾವ ಕ್ವಿಜ್ ಕೊಟ್ಟರೂ ಮೊದಲು 113, 115, 117, 118ನೇ ಧಾತುಗಳ ಹೆಸರು ನೋಡಿಬಿಡಿ. ಹಳೇ ಸರಕಾದರೆ ಅಲ್ಲೇ ಗೊತ್ತಾಗುತ್ತದೆ.

ಇಲ್ಲಿನ ಫ್ಲ್ಯಾಶ್ ಕಾರ್ಡ್ ಆಟದಲ್ಲಿ ಹೆಸರಿನಿಂದ ಸಂಕೇತ, ಸಂಕೇತದಿಂದ ಹೆಸರು ಹೇಳಬೇಕು. ಸೋಡಿಯಂಗೆ ಎನ್‌ಎ, ಪೊಟ್ಯಾಸಿಯಂಗೆ ಕೆ, ಸೀಸಕ್ಕೆ ಪಿಬಿ. ಇಂಥವು ಬಾಯಿಗೆ ಬರುವವರೆಗೆ ಇದು ಒಳ್ಳೆಯದು. ಆಮೇಲೆ ಮಗುವಿಗೆ ಬೇಜಾರಾಗುತ್ತದೆ.

ನನಗೆ ನಿಜಕ್ಕೂ ಇಷ್ಟವಾಗಿದ್ದು ಲೆಕ್ಕದ ಆಟ. ಒಂದು ಧಾತು ಕೊಟ್ಟು ಅದರಲ್ಲಿ ಪ್ರೋಟಾನ್ ಎಷ್ಟು, ಎಲೆಕ್ಟ್ರಾನ್ ಎಷ್ಟು, ನ್ಯೂಟ್ರಾನ್ ಎಷ್ಟು ಎಂದು ಕೇಳುತ್ತದೆ. ಇದಕ್ಕೆ ಬಾಯಿಪಾಠ ಸಾಲದು. ಆವರ್ತಕ ಕೋಷ್ಟಕ ನೋಡಲೇಬೇಕು, ಕಳೆಯಲೇಬೇಕು. ಅಲ್ಯೂಮಿನಿಯಂ ಎಂದರೆ ಪರಮಾಣು ಸಂಖ್ಯೆ (ಅಂದರೆ ಪ್ರೋಟಾನ್‌ಗಳ ಲೆಕ್ಕ) 13, ಪರಮಾಣು ತೂಕ 26.98, ಅಂದರೆ ಹತ್ತಿರ ಹತ್ತಿರ 27. ಅದರಲ್ಲಿ 13 ಕಳೆದರೆ 14 ನ್ಯೂಟ್ರಾನ್. ಹೀಗೆ ಮಾಡ್ತಾ ಮಾಡ್ತಾ ಕೋಷ್ಟಕ ಓದುವುದು ತಾನಾಗಿ ಬಂತು. ಒಂಬತ್ತನೇ ಕ್ಲಾಸಿನಲ್ಲಿ ಪರಮಾಣುವಿನ ರಚನೆ ಪಾಠ ಬಂದಾಗ ಅವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಇಲ್ಲಿ ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಒಂದು ಮಾತು ಹೇಳಬೇಕು. ತೂಕವನ್ನು ಪೂರ್ಣ ಸಂಖ್ಯೆ ಮಾಡಿಕೊಳ್ಳುವುದು ಶಾಲೆಗಳಲ್ಲಿ ಬಳಸುವ ಸುಲಭದ ದಾರಿ, ಅಷ್ಟೇ. ತಾಮ್ರವನ್ನೇ ನೋಡಿ. ತೂಕ 63.55, ಅದನ್ನು 64 ಮಾಡಿ ಪರಮಾಣು ಸಂಖ್ಯೆ 29 ಕಳೆದರೆ 35 ನ್ಯೂಟ್ರಾನ್. ಆದರೆ ಪ್ರಕೃತಿಯಲ್ಲಿ ಸಿಗುವ ತಾಮ್ರದ ಪರಮಾಣುಗಳಲ್ಲಿ ಇರುವುದು 34 ಇಲ್ಲವೇ 36. ಮನೆಯ ತಾಮ್ರದ ಚೊಂಬಿನಲ್ಲಿ 35 ಇರುವ ಪರಮಾಣು ಹುಡುಕಿದರೂ ಸಿಗದು! 63.55 ಎಂಬುದು ಎರಡು ಬಗೆಯ ಪರಮಾಣುಗಳ ಸರಾಸರಿ. ಕ್ಲೋರಿನ್‌ನ 35.5 ಕೂಡ ಹೀಗೇ ಬಂದದ್ದು, 35 ಮತ್ತು 37 ಸೇರಿ. ಇದನ್ನು ಹೇಳಿದ ದಿನ ಮಗಳು ಕ್ವಿಜ್ ಬಿಟ್ಟು ಬೆಳ್ಳಿಗೂ ಬ್ರೋಮಿನ್‌ಗೂ ಲೆಕ್ಕ ಹಾಕುತ್ತಾ ಕೂತಳು. ಎರಡಕ್ಕೂ ತಾಮ್ರದ ಕಥೆಯೇ. ಒಂದೇ ಧಾತುವಿನ, ನ್ಯೂಟ್ರಾನ್ ಲೆಕ್ಕ ಬೇರೆಯಾದ ಇಂಥ ಪರಮಾಣುಗಳೇ ಐಸೋಟೋಪು ಎಂದು ನಾನು ಬೇರೆ ಪಾಠ ಮಾಡಬೇಕಾಗಲಿಲ್ಲ.

ಎಲ್ಲವೂ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲು ಯಾರಾದರೂ ಜೊತೆಗಿದ್ದರೆ ಒಳ್ಳೆಯದು. ಕೇಳುವ ಪ್ರಶ್ನೆಗಳು ಒಂದೇ ಧಾಟಿಯವು, ಹಾಗಾಗಿ ಬೇಗ ಒಗ್ಗುತ್ತದೆ. ಹೊಸಬರು ಮೊದಲ 20 ಧಾತುಗಳಿಂದ ಶುರು ಮಾಡಲಿ. ತಪ್ಪಾದವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಮರುದಿನ ಅವನ್ನೇ ಮೊದಲು ಕೇಳಿ.