ಕಳ್ಳಿಪೀರ ಹಾರುವ ಮೊದಲು, ಹಾರಿದ ಮೇಲೆ: ಡಿ7200 ಮತ್ತು ಝಡ್50-2

ಹಕ್ಕಿಗಳ ಚಿತ್ರ ತೆಗೆಯಲು ನಾನು ವರ್ಷಗಟ್ಟಲೆ ಬಳಸಿದ್ದು 2015ರಲ್ಲಿ ಬಂದ ನಿಕಾನ್ ಡಿ7200, ಒಳಗಿನ ಕನ್ನಡಿಯ ಮೂಲಕ ದೃಶ್ಯ ತೋರಿಸುವ ಡಿಎಸ್‌ಎಲ್‌ಆರ್ ಕ್ಯಾಮೆರಾ. ಈಗ ಅದರ ಜೊತೆಗೆ 2024ರ ಕೊನೆಯಲ್ಲಿ ಬಂದ, ನಿಕಾನ್‌ನದೇ ಮಿರರ್‌ಲೆಸ್ (ಕನ್ನಡಿಯಿಲ್ಲದ) ಝಡ್50-2 ಕೂಡ ಇದೆ. ಎರಡಕ್ಕೂ ಹಾಕುವುದು ಅದೇ 200-500 ಮಿ.ಮೀ. ಜೂಮ್ ಲೆನ್ಸ್, ಹೊಸದಕ್ಕೆ ಮಾತ್ರ ನಡುವೆ ಅಡಾಪ್ಟರ್ ಬೇಕು. ಚಿತ್ರದ ಗುಣಮಟ್ಟದ ಮಾತನ್ನು ಬೇಗ ಮುಗಿಸಬಹುದು. ಒಂದು 24 ಮೆಗಾಪಿಕ್ಸೆಲ್, ಇನ್ನೊಂದು ಸುಮಾರು 21. ಒಳ್ಳೆಯ ಬೆಳಕಿನ ಚಿತ್ರಗಳನ್ನು ಮುದ್ರಿಸಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದೆಂದು ನನಗೇ ತಿಳಿಯುವುದಿಲ್ಲ. ಬದಲಾಗಿರುವುದು ಹಕ್ಕಿಯ ಮುಂದೆ ನಾನು ಕಾಯುವ ರೀತಿ.

ಕಳ್ಳಿಪೀರವನ್ನೇ ತೆಗೆದುಕೊಳ್ಳಿ. ಹೊಲದ ಬದುವಿನ ಒಣಕಡ್ಡಿಯ ಮೇಲೆ ಕೂತು, ಹಾರುವ ಕೀಟವನ್ನು ಹಿಡಿದು, ಬಹುಪಾಲು ಅದೇ ಕಡ್ಡಿಗೆ ಮರಳುವ ಹಕ್ಕಿ ಇದು. ಡಿ7200ರಲ್ಲಿ ಅದು ಹಾರುವ ಕ್ಷಣ ಬೇಕೆಂದರೆ ಹಕ್ಕಿಯನ್ನು ಓದಬೇಕು. ತಲೆ ಥಟ್ಟನೆ ಒಂದು ಕಡೆ ತಿರುಗುತ್ತದೆ, ಮೈ ತುಸು ತಗ್ಗುತ್ತದೆ, ಪುಕ್ಕ ಬಿಗಿಯಾಗುತ್ತದೆ. ಅಷ್ಟರಲ್ಲಿ ಬೆರಳು ಒತ್ತಿರಬೇಕು. ಸೆಕೆಂಡಿಗೆ 6 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಹಾರಿದ್ದು ಕಣ್ಣಿಗೆ ಕಂಡ ಮೇಲೆ ಒತ್ತಿದರೆ ಸಿಗುವುದು ಖಾಲಿ ಕಡ್ಡಿ. ಝಡ್50-2ರಲ್ಲಿ ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಸಾಕು. ಹಕ್ಕಿ ಹಾರಿದ ಮೇಲೆ ಪೂರ್ತಿ ಒತ್ತಿದರೂ ಅದಕ್ಕಿಂತ ಒಂದು ಸೆಕೆಂಡ್ ಹಿಂದಿನವರೆಗಿನ ಚಿತ್ರಗಳು ಕಾರ್ಡಿಗೆ ಬರುತ್ತವೆ, ಅದೂ ಸೆಕೆಂಡಿಗೆ 30ರ ವೇಗದಲ್ಲಿ. ಮೊದಲು ಹೊಲದಲ್ಲೇ ಮಾಡುತ್ತಿದ್ದ ತೀರ್ಮಾನವನ್ನು ಈಗ ಮನೆಯಲ್ಲಿ, ಪರದೆಯ ಮುಂದೆ, ನೂರಾರು ಚಿತ್ರಗಳನ್ನು ಅಳಿಸುತ್ತಾ ಮಾಡುತ್ತೇನೆ. ಆ ಕೆಲಸ ನನಗೆ ಇಷ್ಟವಿಲ್ಲ. ಆದರೆ ರೆಕ್ಕೆ ಬಿಚ್ಚುವ ಮೊದಲು ಕಾಲು ಕಡ್ಡಿಯನ್ನು ಹೇಗೆ ತಳ್ಳುತ್ತದೆ ಎಂಬುದನ್ನು ನಾನು ಸರಿಯಾಗಿ ಕಂಡದ್ದು ಈ ಸಾಲುಚಿತ್ರಗಳಲ್ಲೇ.

ಇದಕ್ಕೊಂದು ಬೆಲೆಯಿದೆ. ಈ ವೇಗದಲ್ಲಿ ಆಮೇಲೆ ಹೆಚ್ಚು ತಿದ್ದಲು ಬರುವ ರಾ ಫೈಲ್ ಸಿಗುವುದಿಲ್ಲ, ಕ್ಯಾಮೆರಾವೇ ಸಿದ್ಧಮಾಡಿ ಕೊಡುವ ಜೆಪೆಗ್ ಮಾತ್ರ. ಆದ್ದರಿಂದ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ, ಅಲ್ಲಿಯೇ ಸರಿಯಾಗಿರಬೇಕು. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ವೇಗವಾಗಿ ಬಡಿಯುವ ರೆಕ್ಕೆ ಸೊಟ್ಟಗೆ ಕಾಣುವುದೂ ಉಂಟು. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವ ಕಪ್ಪು-ಬಿಳಿ ಮಿಂಚುಳ್ಳಿಗೆ ನಾನು ಮೆಕ್ಯಾನಿಕಲ್ ಶಟರನ್ನೇ ಬಳಸುತ್ತೇನೆ. ಸೆಕೆಂಡಿಗೆ 11 ಚಿತ್ರ ಬರುತ್ತದೆ, ಅಷ್ಟು ಧಾರಾಳವಾಗಿ ಸಾಕು.

ರಂಗನತಿಟ್ಟಿನ ದೋಣಿಯಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಬೇಸಿಗೆಯಲ್ಲಿ ಕಾವೇರಿಯ ಬಂಡೆಗಳ ಮೇಲೆ ರೀವಗಳು (ರಿವರ್ ಟರ್ನ್) ಗೂಡು ಮಾಡುತ್ತವೆ. ದೋಣಿ ಅಲುಗುತ್ತಿರುತ್ತದೆ, ಹಕ್ಕಿ ತಲೆಯ ಮೇಲೆಯೇ ತಿರುಗುತ್ತಿರುತ್ತದೆ. ಡಿ7200ರ 51 ಫೋಕಸ್ ಬಿಂದುಗಳು ಚೌಕಟ್ಟಿನ ನಡುಭಾಗದಲ್ಲೇ ಗುಂಪಾಗಿವೆ. ಹಾಗಾಗಿ ಹಳೆಯ ನನ್ನ ಹಾರುಹಕ್ಕಿಗಳೆಲ್ಲ ಚೌಕಟ್ಟಿನ ನಟ್ಟನಡುವೆ ಇವೆ. ಝಡ್50-2 ಹಕ್ಕಿಯ ಕಣ್ಣನ್ನು ತಾನೇ ಹುಡುಕಿ, ಅದು ಅಂಚಿನ ಹತ್ತಿರ ಹೋದರೂ ಹಿಡಿದುಕೊಳ್ಳುತ್ತದೆ. ಫೋಕಸ್ಸಿನ ಚಿಂತೆ ತಪ್ಪಿದ್ದರಿಂದ ಗಮನ ಹಿನ್ನೆಲೆಗೆ ಹೋಯಿತು: ಹಕ್ಕಿಯ ಮುಂದೆ ಎಷ್ಟು ನೀರು ಬಿಡಬೇಕು, ಬಂಡೆಯ ಮೊಸಳೆ ಚೌಕಟ್ಟಿನೊಳಗೆ ಬೇಕೇ ಬೇಡವೇ ಎಂದು ಈಗ ಯೋಚಿಸುತ್ತೇನೆ. ನನ್ನ ಮಟ್ಟಿಗೆ ಹೊಸ ಕ್ಯಾಮೆರಾದ ದೊಡ್ಡ ಕೊಡುಗೆ ವೇಗವಲ್ಲ, ಈ ಬಿಡುವು.

ಬೆಳ್ಳಕ್ಕಿಯ ವಿಷಯದಲ್ಲೂ ಹಾಗೆಯೇ. ಬಿಸಿಲಿನಲ್ಲಿ ಅದರ ಬಿಳಿ ಗರಿ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಎಷ್ಟು ಇಳಿಸಬೇಕೆಂದು ಡಿಎಸ್‌ಎಲ್‌ಆರ್‌ನಲ್ಲಿ ಅಂದಾಜಿಸಿ, ತೆಗೆದು, ಹಿಂದಿನ ಪರದೆಯಲ್ಲಿ ನೋಡಬೇಕು. ಝಡ್50-2ರ ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಪುಟ್ಟ ಪರದೆಯಲ್ಲಿ, ಅದು ತೆಗೆಯುವ ಮೊದಲೇ ಕಾಣುತ್ತದೆ.

ಹಾಗಾದರೆ ಹಳೆಯದನ್ನು ಮಾರಬೇಕೇ? ನಾನು ಮಾರಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲೇ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುತ್ತವೆ. ಒಂದೇ ಕೊಂಬೆಯಲ್ಲಿ ಹತ್ತಾರು ಹಕ್ಕಿ, ಹತ್ತಾರು ಕಣ್ಣು. ಅಲ್ಲಿ ತಾನಾಗಿ ಕಣ್ಣು ಹುಡುಕುವ ಯಾವ ವ್ಯವಸ್ಥೆಯೂ ನಮಗೆ ಬೇಕಾದ ಮರಿಯನ್ನು ಬಿಟ್ಟು ಪಕ್ಕದ್ದಕ್ಕೆ ಜಿಗಿಯಬಹುದು. ಒಂದು ಬಿಂದುವನ್ನು ನಾವೇ ಇಟ್ಟು ಕಾಯುವುದೇ ಮೇಲು. ಅದಕ್ಕೆ ಡಿ7200 ಸಾಕು. ಒಮ್ಮೆ ಚಾರ್ಜ್ ಮಾಡಿದರೆ ಅದರ ಬ್ಯಾಟರಿಗೆ ಹೇಳುವ ಅಳತೆ 1,110 ಚಿತ್ರ, ಹೊಸದರದು ಅದರ ಕಾಲು ಭಾಗಕ್ಕೂ ಕಡಿಮೆ. ದಿನವಿಡೀ ಗೂಡಿನ ಕೆಳಗೆ ಕೂರುವವರಿಗೆ ಇದು ದೊಡ್ಡ ವಿಷಯ. ಡಿ7200ರಲ್ಲಿ ಎರಡು ಕಾರ್ಡ್ ಹಾಕಬಹುದು, ಹೊಸದರಲ್ಲಿ ಒಂದೇ. ಒಳಗೆ ಫೋಕಸ್ ಮೋಟರ್ ಇಲ್ಲದ ಹಳೆಯ 50 ಮಿ.ಮೀ. ಲೆನ್ಸಿಗೂ ಡಿ7200ರಲ್ಲಿ ಮಾತ್ರ ಆಟೋಫೋಕಸ್ ಸಿಗುತ್ತದೆ. ಮನೆಯ ಹಬ್ಬದ ಚಿತ್ರಗಳು ಈಗಲೂ ಅದರದ್ದೇ.

ಹಗುರವಾಗುತ್ತದೆಂದು ಮಿರರ್‌ಲೆಸ್ ಕೊಳ್ಳಲು ಹೊರಟವರು ಲೆಕ್ಕ ಹಾಕಿ ನೋಡಲಿ. ಡಿ7200 765 ಗ್ರಾಂ; ಝಡ್50-2 550, ಅಡಾಪ್ಟರ್ 125. ಉಳಿಯುವುದು 90 ಗ್ರಾಂ, ಮುಂದೆ ತೂಗುವ ಲೆನ್ಸ್ ಎರಡು ಕಿಲೋಗೂ ಹೆಚ್ಚು. ಕೂತ ಹಕ್ಕಿಗಳನ್ನೇ ತೆಗೆಯುವವರು ಹಳೆಯದರಲ್ಲೇ ಮುಂದುವರಿಯಲಿ, ಆ ಹಣ ಪ್ರಯಾಣಕ್ಕಾಗಲಿ. ರೀವ, ಕಳ್ಳಿಪೀರ, ಮಿಂಚುಳ್ಳಿಗಳ ಹಿಂದೆ ಬಿದ್ದವರು ಹೊಸದನ್ನು ಕೊಳ್ಳಲಿ, ಜೊತೆಗೆ ಎರಡು ಬ್ಯಾಟರಿಗಳನ್ನೂ.